ಲಿಂ. ಎಂಬ ಒಂದಕ್ಷರ

ನನ್ನ ಮಾವನವರನ್ನು ನಾನು ಎಂದೂ ಇಷ್ಟಪಟ್ಟವಳಲ್ಲ. ಅವರಿಗೂ ನಾನೆಂದರೆ ಅಷ್ಟಕ್ಕಷ್ಟೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡ ನಮ್ಮಿಬ್ಬರಿಗೆ ಒಮ್ಮತವಿದ್ದ ವಿಷಯ ಇದೊಂದೇ. ಹುನಗುಂದದ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರು ಅವರು. ಕಂಡದ್ದನ್ನೆಲ್ಲ ತಿದ್ದುವ ಚಟ. ನಮ್ಮ ಮದುವೆಗೆ ಅಪ್ಪ ಇಳಕಲ್ಲಿನಲ್ಲಿ ಅಚ್ಚು ಹಾಕಿಸಿ ಕಳಿಸಿದ ಲಗ್ನಪತ್ರಿಕೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಅದೇ ಲಕೋಟೆಯಲ್ಲಿ ವಾಪಸು ಕಳಿಸಿದ್ದರು. ಅಪ್ಪ ಅವತ್ತು ಉಣ್ಣದೆ ಮಲಗಿದ. ಬೀಗರ ಅಕ್ಷರ ಚೆನ್ನಾಗಿದೆ ಎಂದು ಅವ್ವ ಸಮಾಧಾನ ಹೇಳಿದಳು.

ಇಂಥವರ ಒಬ್ಬನೇ ಮಗ ನನ್ನ ಗಂಡ. ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ. ಮೆತ್ತನೆಯ ಮನುಷ್ಯ, ಭಾರಿ ನಿಧಾನ. ಚಹಾ ಆರಿದ ಮೇಲೆ ಕುಡಿಯುವವರು, ಬಸ್ಸು ಹೊರಟ ಮೇಲೆ ಓಡುವವರು. ಮಾವ ಅವರಿಗೆ ‘ಹಿಂದಿನ ಬಸ್’ ಎಂದು ಹೆಸರಿಟ್ಟಿದ್ದರು. ಮನೆಗೆ ಯಾರೇ ಬರಲಿ, ನಮ್ಮ ಹಿಂದಿನ ಬಸ್ ಇನ್ನೂ ಮುಟ್ಟಿಲ್ಲ ಎಂದು ಹೇಳಿ ನಗಿಸುವರು. ಗಂಡನೂ ಕೂಡಿ ನಗುತ್ತಿದ್ದರು. ಆ ನಗೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅತ್ತೆ ತೀರಿಕೊಂಡ ದಿನ ಗಂಡ ಪರೀಕ್ಷೆಯ ಕೆಲಸಕ್ಕೆಂದು ವಿಜಯಪುರಕ್ಕೆ ಹೋಗಿದ್ದರು. ಅಲ್ಲಿರುವ ಬಾಲ್ಯದ ಗೆಳೆಯನೊಬ್ಬ ಅವರನ್ನು ಬಸ್ಸಿಗೆ ಹತ್ತಿಸಿ ಕಳಿಸಿದ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಇನ್ನಷ್ಟು ಹೊತ್ತು ಕಾಯೋಣ ಎಂದು ಬಂಧುಗಳು ಅಂದರೂ ಮಾವ ಕೇಳಲಿಲ್ಲ. ಗಂಡ ಹುನಗುಂದದ ನಮ್ಮ ಹೊಲ ಮುಟ್ಟುವಷ್ಟರಲ್ಲಿ ಅತ್ತೆಯನ್ನು ಕುಣಿಯಲ್ಲಿ ಕೂಡ್ರಿಸಿ ಮಣ್ಣು ಕೊಟ್ಟಾಗಿತ್ತು, ಜನ ಕೈಕಾಲು ತೊಳೆಯುತ್ತಿದ್ದರು. ತಾಯಿಯ ಮುಖ ಕಾಣದೆ ನಿಂತ ಮಗನಿಗೆ ಮಾವ ಅಂದದ್ದು ಇಷ್ಟೇ.

“ನಿನ್ನ ಹಾದಿ ಕಾಯ್ಕೋಂತ ಕುಂದ್ರೂದೊಂದ ಕೆಲಸೇನು ಆಕೀಗೆ?”

ಅಂದಿನಿಂದ ನನ್ನ ಗಂಡನಿಗೆ ಜೀವನದಲ್ಲಿ ಬೇಕಾದದ್ದು ಒಂದೇ. ಹೊತ್ತಿಗೆ ಸರಿಯಾಗಿ ಮಾಡಿದೆ ಎಂದು ಅಪ್ಪನ ಬಾಯಿಂದ ಒಮ್ಮೆ ಕೇಳಬೇಕು. ಬಡ್ತಿ ಬಂದಾಗ ಕೇಳಲಿಲ್ಲ, ಬಾಗಲಕೋಟೆಯಲ್ಲಿ ಮನೆ ಕಟ್ಟಿಸಿದಾಗ ಕೇಳಲಿಲ್ಲ. ಅಪ್ಪನ ಗುಳಿಗೆಗಳನ್ನು ಗಡಿಯಾರ ನೋಡಿ ಕೊಡತೊಡಗಿದರು, ನೀರು ಬಿಸಿಯಾಗಿದೆ ಎಂಬ ಬೈಗುಳ ಸಿಕ್ಕಿತು. ಅಪ್ಪನನ್ನು ಮೆಚ್ಚಿಸುವ ಹುಚ್ಚು ಬಿಡಿ ಎಂದು ನಾನು ಎಷ್ಟೋ ಸಲ ಜಗಳ ತೆಗೆದಿದ್ದೇನೆ. ಅವರು ಬಿಡಲಿಲ್ಲ.

ನಾನು ದುಡಿಯುವುದು ಬಾಗಲಕೋಟೆಯ ನವನಗರದಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿರುವ ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ. ಸುತ್ತಲಿನ ಆಸ್ಪತ್ರೆಗಳಿಗೆ ರೋಗಿಗಳ ನೋಂದಣಿ ಮಾಡಿ ಚೀಟಿ, ವರದಿ ಅಚ್ಚು ಮಾಡುವ ಅಪ್ಲಿಕೇಶನ್ ನಮ್ಮದು. ಎಲ್ಲ ಕನ್ನಡದಲ್ಲಿ ಅಚ್ಚಾಗುತ್ತದೆ, ಅದೇ ಅದರ ಹೆಚ್ಚುಗಾರಿಕೆ. ತೊಂದರೆ ಏನೆಂದರೆ, ನಮ್ಮ ಕಚೇರಿಯಲ್ಲಿ ಗುಂಡು ಕಲ್ಲಿನ ಹಾಗೆ ಗಟ್ಟಿಯಾಗಿರುವ ಅಪ್ಲಿಕೇಶನ್ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಮಕಾಡೆ ಮಲಗುತ್ತಿತ್ತು. ಒಂದು ಕಡೆ ಅದಕ್ಕೆ ಬೇಕಾದ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಹಳೆಯದು, ಇನ್ನೊಂದು ಕಡೆ ಆ ಫೈಲೇ ಇಲ್ಲ. ಅದಕ್ಕೇ ಕಂಟೇನರ್ ಇಮೇಜ್ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಲಿಕೇಶನ್ನಿಗೆ ಬೇಕಾದ್ದನ್ನೆಲ್ಲ ಅದರ ಜೊತೆಗೇ ಸೇರಿಸಿ ಒಂದು ಗಂಟು ಮಾಡುವುದು. ಗಂಟು ಎಲ್ಲಿ ಬಿಚ್ಚಿದರೂ ಒಳಗಿನದು ಒಂದೇ ಥರ ಇರಬೇಕು, ಬಿಚ್ಚಿದ ಊರಿನಲ್ಲಿ ಏನನ್ನೂ ಬೇಡುವಂತಿರಬಾರದು.

ಮಾವ ಒಂದು ದಿನ ನಿನ್ನ ಕೆಲಸ ಏನು ಎಂದು ಕೇಳಿದರು. ಅಪ್ಲಿಕೇಶನ್ನಿಗೆ ಬುತ್ತಿ ಕಟ್ಟುತ್ತೇನೆ ಎಂದೆ. ಕೆಳಗೆ ರೊಟ್ಟಿ, ಅದರ ಮೇಲೆ ಪಲ್ಯ, ಚಟ್ನಿಪುಡಿ, ಹೀಗೆ ಪದರಿನ ಮೇಲೆ ಪದರು ಎಂದು ವಿವರಿಸಿದೆ. ಅವರು ಪೇಪರಿನಿಂದ ಕಣ್ಣೆತ್ತಲಿಲ್ಲ. ಗಂಡನ ಊಟದ ಡಬ್ಬಿಗೆ ಉಪ್ಪು ಹಾಕುವುದು ನೆನಪಿರದವಳು ಯಂತ್ರಕ್ಕೆ ಬುತ್ತಿ ಕಟ್ಟಲು ಹೊರಟಿದ್ದಾಳೆ ಎಂದು ಪೇಪರಿಗೇ ಹೇಳಿದರು. ಅವರ ಕುಹಕ ಏನೇ ಇರಲಿ, ಬುತ್ತಿ ಎಂಬ ಮಾತು ನಮ್ಮ ಕಚೇರಿಯಲ್ಲಿ ನಿಂತುಬಿಟ್ಟಿತು.

ನೆಟ್ಟಿನಲ್ಲಿ ಸಿಗುವ ಸಿದ್ಧ ಇಮೇಜುಗಳಿಗೆ ಕನ್ನಡ ಗೊತ್ತಿಲ್ಲ. ಮೊದಲ ಸಲ ಓಡಿಸಿದಾಗ ಅಕ್ಷರ ಇರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು ಬಂದವು. ಕನ್ನಡದ ಫಾಂಟು ಸೇರಿಸಿದೆ. ಆಗ ಒತ್ತಕ್ಷರಗಳು ಬೇರೆ ಬೇರೆ ಬಿದ್ದವು, ‘ಮೂತ್ರಪಿಂಡ’ ಚೂರು ಚೂರಾಗಿ ಹಾಳೆಯ ತುಂಬ ಹರಡಿತು. ಅವನ್ನು ಕೂಡಿಸುವ ಲೈಬ್ರರಿ ಹುಡುಕಿ ಸೇರಿಸಿದೆ. ಇಮೇಜ್ ಕಟ್ಟುವ ಸಾಲುಗಳನ್ನು ಒಂದು ಫೈಲಿನಲ್ಲಿ ಬರೆದಿಡಬೇಕು, ಒಂದು ಸಾಲು ಆಚೀಚೆ ಆದರೂ ಮತ್ತೆ ಮೊದಲಿನಿಂದ ಕಟ್ಟಬೇಕು. ಕಟ್ಟಿದೆ, ಒಡೆದೆ, ಕಟ್ಟಿದೆ. ಕೊನೆಗೆ ಅಕ್ಷರಗಳು ಮಾವನವರೂ ತಪ್ಪು ಹುಡುಕಲಾರದಷ್ಟು ಚೆನ್ನಾಗಿ ಅಚ್ಚಾದವು. ಆ ದಿನ ನನಗೆ ಹೆಮ್ಮೆ ಎನಿಸಿತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ಮಾಲಕರಿಗೆ ಮಾತ್ರ ಬುತ್ತಿ ಭಾರವಾಯಿತು. ಆಸ್ಪತ್ರೆಗಳ ನೆಟ್ಟು ಆಮೆ, ಇಮೇಜ್ ಇಳಿಸಿಕೊಳ್ಳಲು ಅರ್ಧ ದಿನ ಹಿಡಿಯುತ್ತದೆ, ಹಗುರ ಮಾಡಿ ಎಂದು ಬೆನ್ನು ಬಿದ್ದರು. ತೆಗೆಯುವಂಥದ್ದು ಏನೂ ಇಲ್ಲ ಎಂದೆ. ನಾನು ಇಳಕಲ್ಲಿಗೆ ತಂಗಿಯ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೋದಾಗ ಅವರೇ ಆ ಫೈಲು ತೆರೆದು ನನ್ನ ಫಾಂಟುಗಳನ್ನೆಲ್ಲ ಕಿತ್ತು ಹಾಕಿದರು. ಹಿಂದೆ ಚುನಾವಣೆಯ ಬ್ಯಾನರು ಮಾಡುತ್ತಿದ್ದವರು ಅವರು. ಆ ಕಾಲದ ಒಂದು ದಪ್ಪ ಅಕ್ಷರದ ಫಾಂಟನ್ನು ತುರುಕಿ, ‘ಅಬಕ’ ಎಂಬ ರೋಗಿಗೆ ಒಂದನೇ ನಂಬರು ಕೊಟ್ಟು ಚೀಟಿ ತೆಗೆದರು. ಚೀಟಿ ಬಂತು, ಪರೀಕ್ಷೆ ಮುಗಿಯಿತು. ಬುತ್ತಿ ಸ್ವಲ್ಪ ಹಗುರ ಮಾಡಿದ್ದೇನೆ ಎಂದು ನನಗೆ ಹೇಳಿದರು. ಏನು ತೆಗೆದಿರಿ ಎಂದರೆ, ಬೇಡವಾದದ್ದು ಎಂದರು.

ಅದೇ ವಾರ ಮಾವನವರಿಗೆ ಉಸಿರು ಸಿಕ್ಕಿಕೊಂಡು ಬಾಗಲಕೋಟೆಯ ಖಾಸಗಿ ಆಸ್ಪತ್ರೆಯೊಂದರ ಐಸಿಯುಗೆ ಸೇರಿಸಿದೆವು. ಏನೂ ಹೇಳಲು ಬರುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ಗಂಡ ಬಾಗಿಲ ಹೊರಗಿನ ಕುರ್ಚಿ ಬಿಟ್ಟು ಏಳಲಿಲ್ಲ. ಆ ಆಸ್ಪತ್ರೆಯಲ್ಲೇ ಹೊಸ ಇಮೇಜ್ ಹಾಕಲು ಮಾಲಕರು ಮುಹೂರ್ತ ಇಟ್ಟಿದ್ದರು. ಅಲ್ಲಿ ತಾವು ಹಾಕುವುದು, ಬಾದಾಮಿಯ ಆಸ್ಪತ್ರೆಯಲ್ಲಿ ನಾನು ಹಾಕುವುದು ಎಂದಾಯಿತು. ಮಾವನವರು ಹೀಗಿದ್ದಾರೆ, ಬಾದಾಮಿಗೆ ಆಮೇಲೆ ಹೋಗುತ್ತೇನೆ ಎಂದು ಕೇಳಿಕೊಂಡೆ. “ನೀವೇನು ಡಾಕ್ಟರ್ ಏನ್ರಿ? ಅಲ್ಲಿ ಕುಂತು ಏನ್ ಮಾಡ್ತೀರಿ?” ಎಂದರು. ಬಸ್ಸು ಹತ್ತಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಲಿಂಗಾಯತ ಮನೆಗಳಲ್ಲಿ ತೀರಿಕೊಂಡವರ ಹೆಸರಿಗೆ ಮೊದಲು ‘ಲಿಂ.’ ಎಂದು ಬರೆಯುತ್ತೇವೆ. ಲಿಂಗೈಕ್ಯರು ಎಂಬುದರ ಮೊಟಕು. ಲಗ್ನಪತ್ರಿಕೆ ಕೈಗೆ ಬಂದರೆ ಮೊದಲು ಅದನ್ನೇ ನೋಡುತ್ತೇವೆ, ಯಾರು ಇದ್ದಾರೆ, ಯಾರು ಹೋದರು ಎಂದು. ನಮ್ಮ ಅಪ್ಲಿಕೇಶನ್ನಿನ ಚೀಟಿಯಲ್ಲೂ ಒಂದು ‘ಲಿಂ.’ ಇತ್ತು. ಅದು ರೋಗಿ ಗಂಡೋ ಹೆಣ್ಣೋ ಎಂದು ತೋರಿಸುವ ಲಿಂಗ. ಜಾಗ ಉಳಿಸಲೆಂದು ಮಾಲಕರು ನಾನು ಸೇರುವ ಮೊದಲೇ ಅದನ್ನು ಮೊಟಕು ಮಾಡಿದ್ದರು. ನೋಂದಣಿ ನಂಬರು, ವಯಸ್ಸು, ಕೊನೆಗೆ ಲಿಂ., ಇಷ್ಟು ಮೇಲಿನ ಸಾಲು. ಹೆಸರು ಕೆಳಗಿನ ಸಾಲು.

ಬಾದಾಮಿಯಲ್ಲಿ ಇಮೇಜ್ ಇಳಿಸಿ ಓಡಿಸಿದೆ. ಕೌಂಟರಿನ ಹುಡುಗಿ ಮೊದಲ ಚೀಟಿ ತೆಗೆದಳು. ಕಾಲು ಉಳುಕಿಸಿಕೊಂಡು ಬಂದ ಮುದುಕರೊಬ್ಬರದು. ಚೀಟಿ ನೋಡಿ ಅವಳು ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ಇವರು ಇಲ್ಲೇ ಕೂತಿದ್ದಾರಲ್ಲ ಎಂದು ನನಗೆ ತೋರಿಸಿದಳು. ನಿಜವಾದ ನೋಂದಣಿ ನಂಬರು ಉದ್ದ, ಅಕ್ಷರ ಬ್ಯಾನರಿನ ದಪ್ಪ. ಮೇಲಿನ ಸಾಲಿನಲ್ಲಿ ಹಿಡಿಸದೆ ‘ಲಿಂ.’ ಕೆಳಗೆ ಜಿಗಿದು ಹೆಸರಿಗೆ ಮೊದಲು ಹೋಗಿ ಕೂತಿತ್ತು. ಅದರ ಮುಂದಿನ ‘ಪುರುಷ’ ಹಾಳೆಯ ಅಂಚಿಗೆ ಸಿಕ್ಕಿ ಮಾಯವಾಗಿತ್ತು. ಕಾಲು ಚಾಚಿ ಕೂತ ಮುದುಕರು ಕಾಗದದ ಮೇಲೆ ಲಿಂಗೈಕ್ಯರಾಗಿದ್ದರು. ನಾನು ಮಾಲಕರನ್ನು ಬಾಯಿಗೆ ಬಂದಂತೆ ಬೈಯುತ್ತ ಆ ಚೀಟಿ ಕಸಿದುಕೊಂಡೆ. ಅಷ್ಟರಲ್ಲಿ ಗಂಡನ ಫೋನು ಬಂತು.

“ಅಪ್ಪ ಹೋದ್ರು.”

ನನ್ನ ಕೈಯಲ್ಲಿ ಆ ಚೀಟಿ ಇತ್ತು. ಯಾರು ಹೇಳಿದರು ಎಂದು ಕೇಳಿದೆ. ಯಾರೂ ಹೇಳಲಿಲ್ಲ, ಕಾಗದ ಕೊಟ್ಟರು ಎಂದರು. ನರ್ಸು ಕಾಗದ ಕೈಗಿಟ್ಟು, ಸಂಜೆಗೆ ಕೆಳಗೆ ತರುತ್ತಾರೆ, ಆಮೇಲೆ ನಿಮ್ಮ ವಶಕ್ಕೆ ಕೊಡುತ್ತಾರೆ ಎಂದು ಹೇಳಿ ಒಳಗೆ ಹೋದಳಂತೆ. ಯಾರನ್ನೂ ಮರಳಿ ಕೇಳುವ ಜಾಯಮಾನ ನನ್ನ ಗಂಡನದಲ್ಲ. ಹೆಸರಿಗೆ ಮೊದಲು ಏನಿದೆ ಓದಿ ಎಂದೆ. ಅವರು ಆ ಒಂದಕ್ಷರ ಓದಿದರು.

“ರೀ, ಅದು ಸತ್ತವರ ಲಿಂ. ಅಲ್ರಿ. ಗಂಡಸೋ ಹೆಂಗಸೋ ಅನ್ನೂ ಲಿಂ. ನಮ್ಮ ಪ್ರೋಗ್ರಾಮಿನ ತಪ್ಪದು. ಮಾವಾರು ಅದಾರ, ಹೋಗಿ ಕೇಳ್ರಿ.”

ಅವರು ಓಡಿದ ಸದ್ದು, ಯಾರೋ ಗದರಿದ ಸದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದರು. ಅಪ್ಪ ಸುಧಾರಿಸಿದ್ದಾರಂತೆ, ಕೆಳಗಿನ ವಾರ್ಡಿಗೆ ಸಾಗಿಸುವ ಚೀಟಿಯಂತೆ ಅದು ಎಂದರು. ದೇವರು ದೊಡ್ಡವನು ಎಂದೆ.

“ಕುಣಿ ತಗ್ಯಾಕ ಹೇಳಿಬಿಟ್ಟೇನಿ,” ಎಂದರು. “ಈ ಸರ್ತಿ ತಡಾ ಮಾಡಬಾರ್ದಂತ.”

ಒಂದು ಕೆಲಸವನ್ನು ನಾಳೆಗೆ ನೂಕದ ದಿನವಿಲ್ಲ ಎಂಬಂಥ ಮನುಷ್ಯ, ಅಂದು ಏನೇನು ಮಾಡಿದ್ದರು ಎಂದು ಬಸ್ಸಿನಲ್ಲಿ ಕೂತು ಒಂದೊಂದೇ ತಿಳಿದುಕೊಂಡೆ. ನನಗೆ ಹೇಳುವ ಮೊದಲೇ ಹುನಗುಂದದ ಚಿಕ್ಕಪ್ಪನ ಮಗನಿಗೆ ಫೋನು ಮಾಡಿ ಅತ್ತೆಯ ಪಕ್ಕದಲ್ಲೇ ಜಾಗ ತೋರಿಸಿದ್ದರು. ಮಣ್ಣಿನ ವಿಧಿ ಮಾಡಿಸುವ ಅಯ್ಯನವರಿಗೆ ಹೇಳಿ ಕಳಿಸಿದ್ದರು. ವಿಭೂತಿ, ಪತ್ರಿ, ಹೂವಿನ ಹಾರ ಎಲ್ಲ ತರಿಸಿದ್ದರು. ಇಳಕಲ್ಲಿನ ನೆಂಟರಿಗೆ ಟೆಂಪೋ ಗೊತ್ತು ಮಾಡಿದ್ದರು. ನಮ್ಮ ಮದುವೆಯ ಕೆಲಸವನ್ನೂ ಅವರು ಇಷ್ಟು ಚುರುಕಾಗಿ ಮಾಡಿರಲಿಲ್ಲ. ತಾಯಿಗೆ ತಡವಾದ ಮಗ ಅಪ್ಪನಿಗೆ ತಡವಾಗಬಾರದು ಎಂದು ಅಳುವುದನ್ನೂ ಬದಿಗಿಟ್ಟು ಓಡಾಡಿದ್ದರು.

ನಾನು ಮುಟ್ಟುವ ಹೊತ್ತಿಗೆ ಮಾವ ವಾರ್ಡಿನಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಮಂಚದ ಸುತ್ತ ಇಳಕಲ್ಲಿನ ನೆಂಟರು. ಅರ್ಧ ದಾರಿಯಲ್ಲಿ ಸುದ್ದಿ ಸುಳ್ಳೆಂದು ತಿಳಿದರೂ, ಹೊರಟಿದ್ದೇವೆ ನೋಡಿಕೊಂಡೇ ಹೋಗೋಣ ಎಂದು ಬಂದಿದ್ದರು. ಹಾರದ ಚೀಲವನ್ನು ಹೊರಗೆ ಬಿಟ್ಟು ಬರುವ ಬುದ್ಧಿ ಒಬ್ಬರಿಗೂ ಇರಲಿಲ್ಲ. ಮಾವ ಚೀಲ ನೋಡಿದರು, ಎಲ್ಲರ ಮುಖ ನೋಡಿದರು. ಬರೀ ಕೆಮ್ಮು ಬಂದವನಿಗೆ ಇಷ್ಟು ಮಂದಿ ಯಾಕೆ ಎಂದು ಕೇಳಿದರು. ವಯಸ್ಸಾದ ಸೋದರತ್ತೆಯೊಬ್ಬರು ಅಳುತ್ತ ಎಲ್ಲ ಹೇಳಿಬಿಟ್ಟರು. ಚೀಟಿ ಕೊಡಿ ಎಂದರು ಮಾವ. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರು. ನರ್ಸಿನ ಜೇಬಿನ ಪೆನ್ನು ಕೇಳಿ ಇಸಿದುಕೊಂಡು ‘ಲಿಂ.’ಗೆ ಅಡ್ಡಗೆರೆ ಹೊಡೆದರು. ನನ್ನ ಕಡೆ ತಿರುಗಿದರು.

“ಲಿಂಗ ಅಂತ ಬರಿಯಾಕ ಇನ್ನೊಂದ ಅಕ್ಷರ ಬೇಕಿತ್ತವ್ವಾ. ನಿನ್ನ ಬುತ್ಯಾಗ ಅಷ್ಟೂ ಜಾಗ ಇದ್ದಿಲ್ಲೇನು?”

ಅದು ನಾನು ಬರೆದದ್ದಲ್ಲ, ಆ ಫಾಂಟೂ ನಾನು ಹಾಕಿದ್ದಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರ ಎದುರು ಕಾರಣ ಹೇಳಿದರೆ ಅದರ ವ್ಯಾಕರಣವನ್ನೂ ತಿದ್ದುತ್ತಾರೆ ಎಂದು ಮುಚ್ಚಿದೆ. ಆಮೇಲೆ ಅವರು, ಹಾರ ತಂದಿದ್ದೀರಿ, ಕುಣಿ ತೆಗೆದಾಯಿತೋ ಎಂದು ಕೇಳಿದರು. ಗಂಡ ನೆಲ ನೋಡುತ್ತ ನಿಂತಿದ್ದರು. ಆಗಿದೆ ಎಂದು ಹಿಂದಿನಿಂದ ಯಾರೋ ಅಂದರು. ಮಾವ ಮಗನನ್ನು ಒಂದು ಗಳಿಗೆ ನೋಡಿ, ಕನ್ನಡಕ ತೆಗೆದಿಟ್ಟು, ಗೋಡೆಯ ಕಡೆ ಹೊರಳಿ ಮಲಗಿದರು. ಬೈದಿದ್ದರೆ ಒಳ್ಳೆಯದಿತ್ತು.

ಮಾಲಕರಿಗೆ ಫೋನು ಮಾಡಿ ಕೂಗಾಡಿದೆ. ಅವರು ಶಾಂತವಾಗಿ ಕೇಳಿಸಿಕೊಂಡು, “ಪೇಶಂಟ್ ಅದಾರಲ್ಲ? ಮತ್ತ ಲುಕ್ಸಾನ ಏನಾತು?” ಎಂದರು. ನಾನು ಇಮೇಜನ್ನು ಮತ್ತೆ ಕಟ್ಟಿದೆ. ಬ್ಯಾನರಿನ ಫಾಂಟು ಕಿತ್ತೆಸೆದು ನನ್ನ ಫಾಂಟುಗಳನ್ನು ವಾಪಸು ಹಾಕಿದೆ. ‘ಲಿಂ.’ ತೆಗೆದು ‘ಲಿಂಗ’ ಎಂದು ಪೂರ್ತಿ ಬರೆದೆ. ಪರೀಕ್ಷೆಗೆ ಉದ್ದ ನಂಬರಿನ ಜೊತೆ ಒಂದು ಉದ್ದ ಹೆಸರೂ ಬೇಕಿತ್ತು, ಮಾಲಕರದು ಸಾಕಷ್ಟು ಉದ್ದವಿದೆ, ಅದನ್ನೇ ಹಾಕಿದೆ. ರೋಗಗಳನ್ನೂ ನಾನೇ ಆರಿಸಿದೆ. ಬುತ್ತಿ ಮತ್ತೆ ಭಾರವಾಯಿತು, ಅವರು ಕೇಳಲು ಬರಲಿಲ್ಲ.

ಹೊಲದ ಕುಣಿ ಹಾಗೇ ಉಳಿಯಿತು. ತೆಗೆದ ಕುಣಿಯನ್ನು ಬಾಯಿ ತೆರೆದು ಬಿಡಬಾರದು, ಬರಿದೇ ಮುಚ್ಚಲೂ ಬಾರದು, ಬೂದುಗುಂಬಳಕಾಯಿ ಇಟ್ಟು ಮಣ್ಣು ಎಳೆಯಬೇಕು ಎಂದು ಹಿರಿಯರು ಹೇಳಿದರು. ಇಂಥದ್ದನ್ನೆಲ್ಲ ಮೂಢನಂಬಿಕೆ ಎಂದು ಹಳಿಯುವ ಮಾವ ಈ ಸಲ ಹಳಿಯಲಿಲ್ಲ. ತಾವು ಬಂದು ನೋಡುವವರೆಗೆ ಯಾರೂ ಮುಟ್ಟಕೂಡದು ಎಂದರು. ದನ ಬೀಳದಂತೆ ಜಾಲಿಮುಳ್ಳು ಹೊದಿಸಿ ಇಟ್ಟರು. ಮಾವ ಮನೆಗೆ ಬಂದು ಚೇತರಿಸಿಕೊಳ್ಳುವವರೆಗೆ ಮಗನೊಂದಿಗೆ ಒಂದು ಮಾತೂ ಆಡಲಿಲ್ಲ. ಹಿಂದಿನ ಬಸ್ ಎಂದು ಹಂಗಿಸಲೂ ಇಲ್ಲ. ಗಂಡ ಗುಳಿಗೆ ಹಿಡಿದು ಎದುರು ನಿಂತರೆ ಸುಮ್ಮನೆ ಕೈ ಚಾಚುವರು. ಗಂಡ ಅನ್ನ ಕಲಸಿ ಬಿಟ್ಟು ಏಳುತ್ತಿದ್ದರು. ಅಪ್ಪ ಏನಾದರೂ ಅನ್ನಲಿ, ಏನಾದರೂ ಅಂದುಬಿಡಲಿ ಎಂದು ನನ್ನ ಹತ್ತಿರ ಹಲುಬುತ್ತಿದ್ದರು.

ನಡೆಯುವಷ್ಟು ಶಕ್ತಿ ಬಂದ ಮೇಲೆ ಮಾವನವರನ್ನು ಕಾರಿನಲ್ಲಿ ಹುನಗುಂದಕ್ಕೆ ಕರೆದೊಯ್ದೆವು. ಹೊಲದಲ್ಲಿ ಚಿಕ್ಕಪ್ಪನ ಮಗ, ಅಗೆದ ಆಳುಗಳು, ಸುದ್ದಿ ತಿಳಿದು ನೋಡಲು ಬಂದವರು ಎಲ್ಲ ಕೂಡಿದ್ದರು. ಸತ್ತ ಮನುಷ್ಯ ತನ್ನ ಕುಣಿ ನೋಡಲು ಬರುವುದು ದಿನಾ ಆಗುವ ಮಾತಲ್ಲ. ಮುಳ್ಳು ಸರಿಸಿದರು. ಎರೆಮಣ್ಣಿನಲ್ಲಿ ಗೋಡೆ ಕೆತ್ತಿದ ಹಾಗೆ ಚೊಕ್ಕವಾಗಿ ತೆಗೆದಿದ್ದರು. ಮಾವ ಅಂಚಿನಲ್ಲಿ ನಿಂತು ಕೋಲು ಇಳಿಬಿಟ್ಟು ಆಳ ನೋಡಿದರು. ಪಕ್ಕದ ಅತ್ತೆಯ ಗದ್ದುಗೆಗೂ ಇದಕ್ಕೂ ನಡುವಿನ ಜಾಗ ನೋಡಿದರು. ಯಾವ ಹೊತ್ತಿಗೆ ಮುಗಿದಿತ್ತು ಎಂದು ಆಳುಗಳನ್ನು ಕೇಳಿದರು. ಮಧ್ಯಾಹ್ನದ ಊಟದೊಳಗೇ ಮುಗಿದಿತ್ತು, ಸಾಹೇಬರು ಗಳಿಗೆಗೊಮ್ಮೆ ಫೋನು ಮಾಡಿ ಅವಸರ ಮಾಡುತ್ತಿದ್ದರು ಎಂದು ಅವರು ನನ್ನ ಗಂಡನನ್ನು ತೋರಿಸಿದರು. ಮಾವ ಮಗನ ಕಡೆ ತಿರುಗಿದರು.

“ಹುಟ್ಟಿದಾಗಿಂದ ಇದೊಂದ ಕೆಲಸ ನೀ ಹೊತ್ತಿಗೆ ಸರಿಯಾಗಿ ಮಾಡಿದಿ ನೋಡಪಾ.”

ಮೊದಲು ಆಳುಗಳು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಗಂಡನೂ ನಕ್ಕರು. ಮಾವ ಮಾತ್ರ ನಗಲಿಲ್ಲ. ಕುಂಬಳಕಾಯಿಯನ್ನು ಕುಣಿಯಲ್ಲಿ ಇಳಿಸಿದಾಗ ತಾವೇ ಮೊದಲ ಹಿಡಿ ಮಣ್ಣು ಹಾಕಿ, ಕೈ ಝಾಡಿಸಿಕೊಂಡು ಕಾರಿನ ಕಡೆ ನಡೆದರು. ಅವರನ್ನು ಆ ಕುಣಿಗೆ ನೂಕಬೇಕು ಎನ್ನುವಷ್ಟು ಸಿಟ್ಟು ನನಗೆ ಬಂದಿತ್ತು. ಇದನ್ನು ಬರೆಯುವಾಗಲೂ ಅದು ಪೂರ್ತಿ ಇಳಿದಿಲ್ಲ.

ಆ ಸಂಜೆ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಮಾವ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದರು. ಗಂಡ ಅಂಗಳದಲ್ಲಿ ಅಡ್ಡಾಡುತ್ತ ವಿಜಯಪುರದ ಆ ಹಳೆಯ ಗೆಳೆಯನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಅವನಿಗೆ ಕುಣಿಯ ವಿಷಯ ಗೊತ್ತಿರಲಿಲ್ಲ. ಗಂಡನ ದನಿಯಲ್ಲಿ ನಾನು ಎಂದೂ ಕೇಳದಿದ್ದ ಒಂದು ಖುಷಿ ಇತ್ತು. “ಇವತ್ತ ಹೊಲದಾಗ ಎಲ್ಲಾರ ಮುಂದ ಅಪ್ಪ ಅಂದ್ರಪಾ, ಕೆಲಸ ಹೊತ್ತಿಗೆ ಸರಿಯಾಗಿ ಮಾಡಿದಿ ಅಂತ,” ಎಂದರು. ಯಾವ ಕೆಲಸ ಎಂದು ಅವನು ಕೇಳಿರಬೇಕು. ಹೊಲದ್ದೇ ಒಂದು ಕೆಲಸ ಎಂದರು. ನನ್ನ ಕೈ ಹಿಟ್ಟಿನಲ್ಲೇ ನಿಂತಿತು.

ಪಡಸಾಲೆಯಲ್ಲಿ ಪೇಪರು ಮಡಚಿದ ಸದ್ದಾಯಿತು.

“ಒಂದು ಶಬ್ದ ಬಿಟ್ಟಿ,” ಎಂದರು ಮಾವ. “‘ಇದೊಂದ’ ಅಂದಿದ್ದೆ ನಾ.”

ಅಂಗಳದಲ್ಲಿ ಹೆಜ್ಜೆ ನಿಂತವು. ಬೈಯಲು ಎದ್ದು ಬಾಗಿಲಿಗೆ ಬಂದೆ. ಅಷ್ಟರಲ್ಲಿ ಗಂಡ ಫೋನನ್ನು ಮತ್ತೆ ಕಿವಿಗಿಟ್ಟುಕೊಂಡು, ಶಾಲೆಯ ಹುಡುಗ ತಪ್ಪು ತಿದ್ದಿಕೊಂಡು ಓದುವ ಹಾಗೆ, ಗೆಳೆಯನಿಗೆ ಹೇಳುತ್ತಿದ್ದರು. ಇದೊಂದ ಕೆಲಸ ಅಂದರು, ಇದೊಂದ.